ನೆನೆಹಾಕಿದ ಚೆಂಡು

ಭಾನುವಾರ ಮಧ್ಯಾಹ್ನದ ಊಟ ಮುಗಿದು ಹತ್ತು ನಿಮಿಷವೂ ಆಗಿರಲಿಲ್ಲ. ಹೆಂಡತಿ ತಟ್ಟೆಗಳನ್ನು ತೊಳೆದು ಕವುಚಿಟ್ಟು, ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಹೊರಗೆ ಬಂದಳು. ಗಂಡ ಮತ್ತೆ ಮೇಜಿನ ಮುಂದೆ ಕೂತಿದ್ದ.

"ಊಟ ಹಾಕು."

"ಈಗ ತಾನೇ ಆಯ್ತಲ್ಲ ನಿಮ್ಮೂಟ."

"ನಂದಾಯ್ತಾ? ಯಾರು ನೋಡಿದ್ರು? ನೀವು ಮೂರೂ ಜನ ತಿಂದ್ಕೊಂಡು ನಂದಾಯ್ತು ಅಂತೀರಾ?"

"ಅಪ್ಪಾ, ನೀನೇ ಎರಡು ಸಲ ಅನ್ನ ಹಾಕಿಸ್ಕೊಂಡೆ. ಮೊಟ್ಟೆ ಬೇಡ ಅಂದೆ," ಎಂದಳು ಮಗಳು.

ಅವನು ಎದ್ದು ಹೋಗಿ ತೊಳೆದ ತಟ್ಟೆಯೊಂದನ್ನು ತಂದ. ಬಡಿಸಿಕೊಳ್ಳಲು ತಂದನೆಂದು ಎಲ್ಲರೂ ಅಂದುಕೊಂಡರು. ಎಸೆದ. ತಟ್ಟೆ ಮಗಳ ಕಿವಿಯ ಪಕ್ಕದಿಂದ ಹಾರಿ ಅವನು ಗೆದ್ದ ಕಪ್ಪುಗಳನ್ನಿಟ್ಟಿದ್ದ ಬೀರುವಿನ ಗಾಜಿಗೆ ಬಡಿಯಿತು. ಗಾಜು ನೆಲದ ತುಂಬ ಹರಡಿಕೊಂಡಿತು.

ಮೂಲೆಯ ಸ್ಟೂಲಿನ ಮೇಲೆ ಆಲೂಗಡ್ಡೆ ಸುಲಿಯುತ್ತಿದ್ದ ಅಜ್ಜಿ ಮಗನಿಗೆ ಒಂದು ಮಾತೂ ಅನ್ನಲಿಲ್ಲ. ಸೊಸೆಯ ಕಡೆ ತಿರುಗಿದಳು. "ಇನ್ನೊಂದು ತುತ್ತು ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನನ್ನ ಗಂಟಲ್ಲ ಅತ್ತೆ, ನಿಮ್ಮ ಮೊಮ್ಮಗಳ ಕಣ್ಣು ಹೋಗ್ತಿತ್ತು."

ಮೂರು ತಿಂಗಳಿಂದ ಆ ಮನೆಯಲ್ಲಿ ಇದೇ ಹಾಡು. ಒಂದು ದಿನ ತನ್ನ ಬೂಟು ಮಾರಿಕೊಂಡಿದ್ದಾಳೆ ಎಂದು ಹೆಂಡತಿಯ ಕೈ ತಿರುಚಿದ್ದ. ಬೂಟು ಅವನ ಕಾಲಲ್ಲೇ ಇತ್ತು. ಇನ್ನೊಂದು ದಿನ ಎಂಬತ್ತರ ತಾಯಿಯನ್ನು ಹೊರಗೆ ಬಿಟ್ಟು ಒಳಗಿನಿಂದ ಚಿಲಕ ಹಾಕಿಕೊಂಡು, ಎರಡು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದ. ಕಾರ್ಖಾನೆಯ ಸೈರನ್ ಕೂಗಿದರೆ ಸಾಕು, ಬನಿಯನ್ನಿನಲ್ಲೇ ಮೈದಾನದ ಕಡೆ ಹೊರಟುಬಿಡುತ್ತಿದ್ದ. ಆರು ಅಡಿ ಎತ್ತರದ ಗಂಡಸನ್ನು ರಸ್ತೆಯಲ್ಲಿ ತಡೆದು ನಿಲ್ಲಿಸುವುದು ಎಂದರೆ ಏನು ಎಂಬುದು ತಡೆದವರಿಗೇ ಗೊತ್ತು.

ಬೀದಿಯವರಿಗೆ ಅವನು ಸುತ್ತಿಗೆ. ಟೈರ್ ಕಾರ್ಖಾನೆಯ ಫುಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ವರ್ಷ ಸ್ಟ್ರೈಕರ್ ಆಗಿದ್ದವನು. ಇನ್ನೂರ ಹನ್ನೊಂದು ಗೋಲು, ಅದರಲ್ಲಿ ನೂರನಲವತ್ತು ತಲೆಯಿಂದ. ಹದಿನಾರನೇ ವಯಸ್ಸಿಗೆ ಕೋಚ್ ಅವನನ್ನು ಮೈದಾನದ ಬೇಲಿಯಾಚೆಯಿಂದ ಎಳೆದು ತಂದಿದ್ದರು. ಹದಿನೆಂಟಕ್ಕೆ ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸ ಕೊಟ್ಟಿದ್ದರು. ಕೆಲಸ ಎಂದರೆ ರುಜು ಹಾಕುವುದು, ಆಮೇಲೆ ಆಡುವುದು. ಒಂದು ಸೆಮಿಫೈನಲ್ಲಿನಲ್ಲಿ ಎದುರಾಳಿಯ ಮೊಣಕೈ ತಗುಲಿ ಹಣೆ ಬಿರಿಯಿತು. ಅರ್ಧವೇಳೆಯಲ್ಲಿ ಎಂಟು ಹೊಲಿಗೆ ಹಾಕಿಸಿಕೊಂಡು ಮತ್ತೆ ಇಳಿದ. ಅದೇ ಹಣೆಯಿಂದ ಗೋಲು ಹೊಡೆದ. ರಕ್ತ ಸೋರುವ ಮುಖದ ಆ ಚಿತ್ರ ಪತ್ರಿಕೆಯಲ್ಲಿ ಬಂತು, ಕಾರ್ಖಾನೆಯ ಕ್ಯಾಂಟೀನಿನ ಗೋಡೆ ಮೇಲೂ ಬಂತು. ಮೂವತ್ತೈದಕ್ಕೆ ಕಾಲು ನಿಧಾನವಾಯಿತು ಎಂದು ಒಂದು ಹಾರ ಹಾಕಿ ಬಿಟ್ಟುಬಿಟ್ಟರು. ಅಲ್ಲಿಂದ ಇಪ್ಪತ್ತು ವರ್ಷ ಅದೇ ಉಗ್ರಾಣದಲ್ಲಿ ನಿಜವಾಗಿ ಟೈರು ಎಣಿಸಿದ. ಎಣಿಕೆ ತಪ್ಪತೊಡಗಿದಾಗ ಮೇಲ್ವಿಚಾರಕ "ಸುತ್ತಿಗೆ ಈಗ ಕುಡಿಯೋಕೆ ಶುರು ಮಾಡಿದಾನೆ" ಎಂದು ಹಬ್ಬಿಸಿ, ಅವಧಿಗೆ ಮೊದಲೇ ನಿವೃತ್ತಿ ಕೊಡಿಸಿದ. ಜೀವನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ ಅವನು. ಹೆಂಡತಿಗೆ ಆ ಸಿಟ್ಟು ಇವತ್ತಿಗೂ ಆರಿಲ್ಲ.

ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರಮ್ಮ ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, "ಇವರು ಬಾಕ್ಸರ್ರಾ?" ಎಂದು ಕೇಳಿದ್ದರು.

"ಅಲ್ಲ, ಫುಟ್‌ಬಾಲ್."

"ತಲೆಯಿಂದ ಜಾಸ್ತಿ ಆಡ್ತಿದ್ರಾ?"

"ಇವರು ತಲೆಯಿಂದಾನೇ ಆಡಿದ್ದು," ಎಂದಿದ್ದಳು ಹೆಂಡತಿ.

ಸಾವಿರಾರು ಪೆಟ್ಟು ಒಂದೇ ಜಾಗಕ್ಕೆ ಬಿದ್ದು ಮಿದುಳು ಸವೆದಿದೆ, ಇದು ವಾಸಿಯಾಗುವುದಲ್ಲ, ಹೆಚ್ಚಾಗುತ್ತಾ ಹೋಗುವುದು ಎಂದು ಡಾಕ್ಟರಮ್ಮ ಬರೆದುಕೊಟ್ಟರು. ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಮಗಳು ಆ ಕಾಗದವನ್ನು ಜೊತೆಗಿಟ್ಟು ಕಾರ್ಖಾನೆಗೆ ಅರ್ಜಿ ಟೈಪ್ ಮಾಡಿದಳು. ಕಾರ್ಖಾನೆಯ ಆಸ್ಪತ್ರೆಯಲ್ಲಿ ಹಗಲು ವಾರ್ಡು ಎಂದು ಒಂದಿದೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟು ಸಂಜೆ ಆರಕ್ಕೆ ಕರೆದುಕೊಂಡು ಬರಬಹುದು. ನೋಡಿಕೊಳ್ಳಲು ಗಟ್ಟಿ ಆಳುಗಳಿದ್ದಾರೆ. ನಿವೃತ್ತರಿಗೆ ಅಲ್ಲಿ ಜಾಗವಿಲ್ಲ. ಆದರೆ ಕೆಲಸದಿಂದಲೇ ಬಂದ ಕಾಯಿಲೆ ಎಂದು ಒಪ್ಪಿದರೆ ಸಾಯುವವರೆಗೂ ಜಾಗ ಕೊಡಬೇಕು. ಅದು ಕಾರ್ಖಾನೆಯದೇ ನಿಯಮ.

ಹೆಂಡತಿಗೆ ಬೇಕಾಗಿದ್ದದ್ದು ಆ ಹತ್ತು ಗಂಟೆ. ಯೂನಿಫಾರ್ಮ್ ಹೊಲಿಯುವ ಘಟಕದಲ್ಲಿ ಕಿಟಕಿ ಪಕ್ಕದ ಮಿಷನ್ನು ಅವಳದು. ಮೂರು ತಿಂಗಳ ರಜೆ ಮುಗಿಯುತ್ತಾ ಬಂದಿತ್ತು. "ಒಂದನೇ ತಾರೀಕು ಬಂದ್ರೆ ಮಿಷನ್ ನಿಂದು, ಇಲ್ಲಾಂದ್ರೆ ಇನ್ನೊಬ್ಬಳು ಕೂತ್ಕೋತಾಳೆ," ಎಂದು ಮೇಲ್ವಿಚಾರಕಿ ಹೇಳಿ ಕಳಿಸಿದ್ದಳು. ಹೋಗದಿದ್ದರೆ ಮಗಳೊಬ್ಬಳ ಟೈಪಿಂಗಿನ ಮೇಲೆ ನಾಲ್ಕು ಹೊಟ್ಟೆ. ಹೋದರೆ ಮುದುಕಿಯ ಕೈಗೆ ಆ ಮನುಷ್ಯನನ್ನು ಒಪ್ಪಿಸಬೇಕು.

ಈ ಎಲ್ಲದರಲ್ಲಿ ಅಜ್ಜಿಗೆ ಹೇಳದೆ ಮುಚ್ಚಿಟ್ಟದ್ದು ಒಂದೇ: ಕಾಯಿಲೆ ಯಾಕೆ ಬಂತು ಎಂಬುದು. "ನರದ ದೌರ್ಬಲ್ಯ ಅಂತೆ" ಎಂದಷ್ಟೇ ಹೇಳಿದ್ದರು. ಮುಚ್ಚಿಡಲು ಕಾರಣ ಅಡುಗೆಮನೆಯ ಹಿಂದಿದ್ದ ತವರದ ಬಕೆಟ್ಟು.

ಆಗಿನ ಚೆಂಡು ಚರ್ಮದ್ದು. ಒಣಗಿದ್ದಾಗಲೇ ಭಾರ, ನೆನೆದರೆ ಕಲ್ಲು. ಅಜ್ಜಿ ಪ್ರತಿ ಸಂಜೆ ಕಾಳು ನೆನೆಹಾಕುವ ಹೊತ್ತಿಗೇ ಚೆಂಡನ್ನೂ ಬಕೆಟ್ಟಿನಲ್ಲಿ ಮುಳುಗಿಸಿ, ತೇಲದ ಹಾಗೆ ಮೇಲೊಂದು ಕಲ್ಲು ಹೇರಿಡುತ್ತಿದ್ದಳು. ಬೆಳಿಗ್ಗೆ ಅದನ್ನು ಎತ್ತಿ ಎತ್ತಿ ಎಸೆಯುತ್ತಿದ್ದಳು. ಮಗ ಹಿತ್ತಲಲ್ಲಿ ನಿಂತು ತಲೆಯಿಂದ ಹೊಡೆಯಬೇಕು. ದಿನಕ್ಕೆ ನೂರು. ನೆನೆದ ಚೆಂಡಿಗೆ ಪಳಗಿದ ತಲೆಗೆ ಪಂದ್ಯದ ಚೆಂಡು ಹತ್ತಿಯ ಹಾಗೆ. "ನೂರನಲವತ್ತು ಗೋಲು ಅವನದಲ್ಲ, ನನ್ನ ಬಕೆಟ್ಟಿಂದು," ಎಂದು ಅಜ್ಜಿ ನಲವತ್ತು ವರ್ಷ ಬೀದಿಯಲ್ಲಿ ಹೇಳಿಕೊಂಡು ಬಂದಿದ್ದಳು. ತರಕಾರಿ ಅಂಗಡಿಯಲ್ಲಿ ಹೇಳಿದ್ದಳು, ಕ್ಷೌರದವನಿಗೆ ಹೇಳಿದ್ದಳು, ಪತ್ರಿಕೆಯವನಿಗೂ ಒಮ್ಮೆ ಹೇಳಿದ್ದಳು.

ಆ ಉಪಾಯ ಅವಳದಲ್ಲ. ಹದಿನಾರರ ಹುಡುಗನನ್ನು ತಂಡಕ್ಕೆ ತೆಗೆದುಕೊಂಡ ವಾರವೇ ಕೋಚ್ ಈ ಅಡುಗೆಮನೆಗೆ ಬಂದು, ಕಾರ್ಖಾನೆಯ ಚೆಂಡು ಕೊಟ್ಟು, ಹೇಗೆ ನೆನೆಹಾಕಬೇಕು, ಎಷ್ಟು ಹೊಡೆಸಬೇಕು ಎಂದು ಹೇಳಿಹೋಗಿದ್ದರು. ಮದುವೆಯಾದ ಹೊಸದರಲ್ಲಿ ಸುತ್ತಿಗೆಯೇ ಹೆಂಡತಿಗೆ ನಗುತ್ತಾ ಹೇಳಿದ್ದ: "ಬುದ್ಧಿ ಕೋಚ್‌ದು, ಹೆಸರು ಅಮ್ಮಂದು. ಇರ್ಲಿ ಬಿಡು, ಅವಳಿಗೆ ಬೇರೆ ಏನಿದೆ?" ಹಾಗೆ ಎಲ್ಲರೂ ಬಿಟ್ಟರು. ಸುಳ್ಳು ಮನೆಯ ಇನ್ನೊಂದು ಪಾತ್ರೆಯಂತೆ ಉಳಿದುಕೊಂಡಿತು.

ಅರ್ಜಿ ಕೊಟ್ಟ ಮೂರನೇ ವಾರ, ಬುಧವಾರ ಹನ್ನೊಂದು ಗಂಟೆಗೆ, ಕಾರ್ಖಾನೆಯ ಕಲ್ಯಾಣಾಧಿಕಾರಿ ಮನೆಗೆ ಬಂದ. ಜೊತೆಗೆ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಕಲ್ಯಾಣ ಎಂಬುದು ಅವನ ಹುದ್ದೆಯ ಹೆಸರಿನಲ್ಲಿ ಮಾತ್ರ ಇತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಮಗಳು ಕಚೇರಿಗೆ ಹೋಗಿದ್ದಳು. ಹೆಂಡತಿ ಔಷಧದ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಸುತ್ತಿಗೆ ಮಾತ್ರೆ ನುಂಗಿ ಮಲಗಿದ್ದ. ಬಾಗಿಲು ತೆರೆದವಳು ಅಜ್ಜಿ.

"ಅಮ್ಮಾ, ನಮ್ಮ ತಂಡಕ್ಕೆ ಐವತ್ತು ವರ್ಷ ಆಗ್ತಿದೆ. ದೊಡ್ಡ ಪುಸ್ತಕ ತರ್ತಿದೀವಿ," ಎಂದ ಅಧಿಕಾರಿ. "ನಿಮ್ಮ ಮಗನ ಜೀವನ ಚರಿತ್ರೆ ಇಲ್ದೆ ಅದು ಪುಸ್ತಕ ಹೇಗಾಗುತ್ತೆ? ಎಲ್ಲಾ ನಿಮ್ಮ ಬಾಯಿಂದಾನೇ ಬರಬೇಕು."

ಅಜ್ಜಿ ಎರಡು ಕುರ್ಚಿ ಒರೆಸಿದಳು. ಚಹಾ ಮಾಡಿದಳು. ಮೊಮ್ಮಗಳಿಗೆಂದು ಎತ್ತಿಟ್ಟಿದ್ದ ಬಿಸ್ಕತ್ತನ್ನೂ ತಂದಿಟ್ಟಳು.

"ಚಿಕ್ಕಂದಿನಿಂದ ಹೇಳಲಾ?"

"ತಲೆ ಆಟ ಹೇಗೆ ಕಲಿತ, ಅಲ್ಲಿಂದ ಹೇಳಿ."

ಅವಳು ಹೇಳಿದಳು. ಬಕೆಟ್ಟು ತೋರಿಸಿದಳು. ಯಾವ ಕಲ್ಲು ಹೇರುತ್ತಿದ್ದೆ ಎಂಬುದನ್ನೂ ತೋರಿಸಿದಳು. ಗುಮಾಸ್ತನ ಪೆನ್ನು ಓಡುತ್ತಲೇ ಇತ್ತು.

"ತಲೆನೋವು ಅಂತಿದ್ನಾ?"

"ಅನ್ನದೆ ಇರ್ತಾನಾ? ಅಂದ್ರೆ ನಾನು ಬಿಡ್ತಿದ್ನಾ? ಇನ್ನೂ ಹತ್ತು ಜಾಸ್ತಿ ಹೊಡೆಸ್ತಿದ್ದೆ."

ಅಧಿಕಾರಿ ಚಹಾ ಕೆಳಗಿಟ್ಟ. "ಇದನ್ನೆಲ್ಲ ಕೋಚ್ ಹೇಳಿಕೊಟ್ಟಿದ್ದಾ?"

"ಕೋಚಾ!" ಅಜ್ಜಿ ನಕ್ಕುಬಿಟ್ಟಳು. "ಅವನಿಗೇನು ಗೊತ್ತು? ಎಲ್ಲಾ ನನ್ನ ಬುದ್ಧಿ. ಹಾಗೇ ಬರೀರಿ ಪುಸ್ತಕದಲ್ಲಿ."

"ಹಾಗೇ ಬರೀತೀವಮ್ಮ," ಎಂದ ಅವನು, ತುಂಬ ಮರ್ಯಾದೆಯಿಂದ. ಎರಡು ಹಾಳೆಯ ಕೆಳಗೆ ಅವಳು ಅಕ್ಷರ ಕೂಡಿಸಿ ಕೂಡಿಸಿ ರುಜು ಹಾಕಿದಳು.

ಹೆಂಡತಿ ಮದ್ದಿನ ಚೀಲ ಹಿಡಿದು ಬಂದಾಗ ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. "ಪುಸ್ತಕದಲ್ಲಿ ನನ್ನ ಹೆಸರೂ ಬರುತ್ತಂತೆ!"

ಕೇಳುತ್ತಾ ಕೇಳುತ್ತಾ ಹೆಂಡತಿ ಮದ್ದಿನ ಚೀಲವನ್ನು ಹೊಸ್ತಿಲ ಮೇಲೇ ಇಳಿಸಿದಳು. "ಕೋಚ್ ಹೇಳಿದ್ದಲ್ಲ ಅಂದ್ರಾ?"

"ಹೌದು, ಹಾಗೇ ಅಂದೆ. ಯಾಕೆ?"

ಯಾಕೆ ಎಂಬುದು ಒಂಬತ್ತು ದಿನದ ಮೇಲೆ ಅಂಚೆಯಲ್ಲಿ ಬಂತು: ಕಾರ್ಖಾನೆ ಅರ್ಜಿಯನ್ನು ತಿರಸ್ಕರಿಸಿತ್ತು. ಮಗಳು ಸಂಜೆ ಕಚೇರಿಯಿಂದ ಬಂದು, ಚೀಲವನ್ನೂ ಇಳಿಸದೆ, ನಿಂತುಕೊಂಡೇ ಓದಿದಳು. "ಅರ್ಜಿದಾರರ ತಾಯಿಯವರ ಹೇಳಿಕೆಯಂತೆ, ಅವರು ಸ್ವಂತ ಇಚ್ಛೆಯಿಂದ, ಸ್ವಂತ ಮನೆಯಲ್ಲಿ, ತಮ್ಮದೇ ವಿಧಾನದಿಂದ ಮಗನ ತಲೆಗೆ ಅಪಾಯಕರ ಅಭ್ಯಾಸ ಮಾಡಿಸಿದ್ದು, ನೋವೆಂದರೂ ಬಿಡದೆ..." ಅಲ್ಲಿಗೆ ಕಾಗದವನ್ನು ಮೇಜಿನ ಮೇಲೆ ಎಸೆದಳು. ಅರಚಿದಳು. "ಅಜ್ಜೀ! ನಿನ್ನ ಜಂಬಕ್ಕೆ ಬೆಂಕಿ ಹಾಕ!"

"ಅಜ್ಜಿಗೆ ಹಾಗೆಲ್ಲ ಅನ್ಬೇಡ," ಎಂದಳು ತಾಯಿ, ಆಲೂಗಡ್ಡೆ ಹೆಚ್ಚುತ್ತಾ.

"ಅಂತೀನಿ! ಕಾರ್ಖಾನೆಯವರಿಗೆ ಬೇಕಾಗಿದ್ದೇ ಇದು. ಚಹಾ ಮಾಡಿ, ಬಿಸ್ಕತ್ತು ಇಟ್ಟು, ನಮ್ಮ ಕತ್ತು ಕುಯ್ಯೋಕೆ ಕತ್ತಿ ಕೊಟ್ಟಿದಾಳೆ."

"ಏನೇ ಅದು ಅಪಾಯಕರ?" ಅಜ್ಜಿಯ ದನಿ ಸಣ್ಣದಾಗಿತ್ತು. "ಪುಸ್ತಕಕ್ಕೆ ಅಂದ್ರಲ್ಲ?"

"ಪುಸ್ತಕ ಎಲ್ಲಿದೆ ಅಜ್ಜಿ? ಮೊಣಕೈಗೆ ಬೆಲ್ಲ ಹಚ್ಚಿ ಹೋದ್ರು, ನೀನು ನೆಕ್ಕೋಕೆ ಹೋದೆ. ಅಪ್ಪನ ಕಾಯಿಲೆ ನರದ ದೌರ್ಬಲ್ಯ ಅಲ್ಲ. ಆ ಚೆಂಡು. ಆ ನೆನೆದ ಚೆಂಡು ತಲೆಗೆ ಬಿದ್ದು ಬಿದ್ದು ಹೀಗಾಗಿದೆ. ಡಾಕ್ಟರ್ ಬರೆದುಕೊಟ್ಟಿದಾರೆ."

ಅಡುಗೆಮನೆಯಲ್ಲಿ ಅನ್ನ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಾರೂ ಎದ್ದು ಹೋಗಲಿಲ್ಲ.

"ಯಾಕೆ ನನಗೆ ಹೇಳ್ಲಿಲ್ಲ?" ಎಂದಳು ಅಜ್ಜಿ ಸೊಸೆಗೆ.

"ಹೇಗೆ ಹೇಳಲಿ? ನಿಮ್ಮ ಕೈಯಾರೆ ಆಯ್ತು ಅಂತಲಾ?"

"ಹಾಗಾದ್ರೆ ನಾನೇ ನನ್ನ ಮಗನ ತಲೆ ಒಡೆದೆ ಅಂತೀಯಾ?"

"ನಾನು ಅನ್ನಲ್ಲ. ನೀವೇ ರುಜು ಹಾಕಿ ಕೊಟ್ಟಿದೀರಲ್ಲ!" ಹೆಂಡತಿ ಚಾಕು ಎಸೆದು ಎದ್ದಳು. ಮೂರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಬಂತು. "ಮದುವೆಯಾದಾಗಿಂದ ಆ ಮಾತು ಕೇಳಿದೀನಿ ಅತ್ತೆ. ನನ್ನ ಬಕೆಟ್ಟು, ನನ್ನ ಬುದ್ಧಿ! ಕೋಚ್ ಬಂದು ಹೇಳಿಹೋಗಿದ್ದು ನಿಮಗೂ ಗೊತ್ತು, ನನಗೂ ಗೊತ್ತು. ಪಾಪ ಅಂತ ಸುಮ್ನಿದ್ದೆ. ಈಗ ಆ ಕೋಚು ಕೈ ತೊಳ್ಕೊಂಡ, ಕಾರ್ಖಾನೆ ಕೈ ತೊಳ್ಕೊಳ್ತು, ನನ್ನ ಕೈಗೆ ಮಾತ್ರ ಸಾಯೋವರೆಗೂ ಇವರು!"

ಕೋಣೆಯಿಂದ ಸುತ್ತಿಗೆ ಬಂದು ನಿಂತ. ಮೂರು ಹೆಂಗಸರ ಮುಖವನ್ನೂ ನೋಡಿದ. "ಯಾರು ಗೆದ್ರು?" ಎಂದ. ಬಾಗಿಲನ್ನು ಒದ್ದು ಮತ್ತೆ ಒಳಗೆ ಹೋದ.

ಆಮೇಲಿನ ಒಂದು ವಾರ ಅಜ್ಜಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬದಲಿಗೆ ಕೆಲಸ ಮಾಡಿದಳು, ಯಾರ ಮೇಲೋ ಹಗೆ ತೀರಿಸಿಕೊಳ್ಳುವವಳ ಹಾಗೆ. ಹೊಳೆಯುತ್ತಿದ್ದ ಪಾತ್ರೆಯನ್ನೇ ಮತ್ತೆ ತಿಕ್ಕಿದಳು. ಹಾಸಿಗೆಯ ಬಟ್ಟೆಯನ್ನೆಲ್ಲ ಒಬ್ಬಳೇ ಒಗೆದು, ಹಿಂಡಲಾರದೆ, ನೀರು ಸೋರುತ್ತಿದ್ದ ಹಾಗೇ ಹಗ್ಗಕ್ಕೆ ಹಾಕಿದಳು. ಎಲ್ಲರ ಊಟವಾದ ಮೇಲೆ ಅಡುಗೆಮನೆಯಲ್ಲಿ ಗೋಡೆ ಕಡೆ ತಿರುಗಿ ತಿಂದಳು. ತರಕಾರಿ ಅಂಗಡಿಯವಳು ದಾರಿಯಲ್ಲಿ, "ಏನಮ್ಮ, ಸುತ್ತಿಗೆ ಹೇಗಿದಾನೆ?" ಎಂದು ಕೇಳಿದ್ದಕ್ಕೆ, "ನಿನಗ್ಯಾಕೆ? ಮೂಲಂಗಿ ತೂಗು," ಎಂದಳಂತೆ.

ಮಗಳು ಹಟ ಬಿಡದೆ ಆಕ್ಷೇಪಣೆಯ ಕಾಗದ ಟೈಪ್ ಮಾಡಿ ಕಳಿಸಿದಳು. ಕಾರ್ಖಾನೆಯಿಂದ ಉತ್ತರ ಬಂತು: ಶುಕ್ರವಾರ ವಿಚಾರಣೆ, ಅಂದಿನ ಕೋಚ್ ಕೂಡ ಹಾಜರಿರುತ್ತಾರೆ, ಅರ್ಜಿದಾರರನ್ನೂ ಕರೆತರತಕ್ಕದ್ದು. ಸೋಮವಾರವೇ ಒಂದನೇ ತಾರೀಕು.

"ಅಜ್ಜಿ ಬಂದು ನಾನು ಹೇಳಿದ್ದು ಸುಳ್ಳು ಅಂದ್ರೆ ಮಾತ್ರ ದಾರಿ ಇದೆ," ಎಂದಳು ಮಗಳು, ತಾಯಿಗೆ ಹೇಳುವಂತೆ, ಅಜ್ಜಿಗೆ ಕೇಳುವಂತೆ.

"ಅವರನ್ನ ಬಲವಂತ ಮಾಡ್ಬೇಡ."

"ಬಲವಂತ ಅಲ್ಲಮ್ಮ. ನಿಜ ಹೇಳೋಕೆ ಬಲವಂತ ಬೇಕಾ?"

ಅಜ್ಜಿ ಕೇಳದವಳ ಹಾಗೆ ನೆಲ ಒರೆಸುತ್ತಿದ್ದಳು. ಅವಳ ಪಾಡು ಸುಲಭವಾಗಿರಲಿಲ್ಲ. ಬುದ್ಧಿ ತನ್ನದು ಅಂದರೆ ಮಗನ ತಲೆ ಒಡೆದವಳು ತಾನು. ತನ್ನದಲ್ಲ ಅಂದರೆ ನಲವತ್ತು ವರ್ಷ ಬೀದಿಗೆಲ್ಲ ಸುಳ್ಳು ಹೇಳಿದವಳು. ಎಂಬತ್ತನೇ ವಯಸ್ಸಿಗೆ ಅವಳ ಹತ್ತಿರ ಬೇರೆ ಆಸ್ತಿ ಏನೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಮಗನಿಗೆ ಅವಳೇ ಬ್ರೆಡ್ಡು ಹಾಲು ಕೊಟ್ಟಳು. ಅವನು ಒಳ್ಳೆಯ ಲಹರಿಯಲ್ಲಿದ್ದ. ತಿಂದು ಮುಗಿಸಿ, ತೋಳು ಕೊಡವಿಕೊಂಡು ಎದ್ದ.

"ಅಮ್ಮ, ಚೆಂಡು ನೆನೆಹಾಕಿದೀಯಾ?"

ಅಜ್ಜಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. "ಇಲ್ಲಪ್ಪ."

"ಯಾಕೆ?"

"ಇನ್ನು ಬೇಡ. ಸಾಕು."

"ಬೇಡ ಅನ್ನೋಕೆ ನೀನ್ಯಾರು?" ಅವನು ಮೇಜು ಗುದ್ದಿದ. "ನೂರು ಆಗ್ಲಿಲ್ಲ ಅಂದ್ರೆ ಕೋಚ್ ಬೈತಾರೆ! ತಂಡದಿಂದ ತೆಗೀತಾರೆ! ನಿನಗೇನು ಗೊತ್ತು?"

ಅವಳನ್ನು ತಳ್ಳಿಕೊಂಡು ಹಿತ್ತಲಿಗೆ ಹೋಗಿ ಚೆಂಡು ಹುಡುಕತೊಡಗಿದ. ಅಜ್ಜಿ ಬಾಗಿಲಿಂದ ಅವನನ್ನು ನೋಡಿದಳು. ಆಮೇಲೆ ಅಡುಗೆಮನೆಗೆ ಬಂದು, ಒಂದು ವಾರದಲ್ಲಿ ಮೊದಲ ಬಾರಿಗೆ ಸೊಸೆಯೊಂದಿಗೆ ಮಾತಾಡಿದಳು.

"ನಾಳೆ ಎಷ್ಟು ಗಂಟೆಗೆ?"

"ಹತ್ತಕ್ಕೆ."

"ನನ್ನ ಚಪ್ಪಲಿ ಹರಿದಿದೆ. ನಿಂದು ಕೊಡು."

ವಿಚಾರಣೆ ನಡೆದದ್ದು ಕಾರ್ಖಾನೆಯ ಕಚೇರಿಯ ಮೇಲಿನ ಮಹಡಿಯಲ್ಲಿ. ಉದ್ದದ ಮೇಜು, ಕಿಟಕಿಯಾಚೆ ಚಿಮಣಿ, ರಬ್ಬರ್ ಸುಟ್ಟ ವಾಸನೆ. ಅಧಿಕಾರಿ ನಡುವೆ ಕೂತಿದ್ದ, ಪಕ್ಕದಲ್ಲಿ ಅದೇ ಗುಮಾಸ್ತ. ಮೇಜಿನ ಇನ್ನೊಂದು ತುದಿಯಲ್ಲಿ ಕೋಚ್. ಎಂಬತ್ತರ ಹತ್ತಿರವಿದ್ದರೂ ನೆಟ್ಟಗೆ ಕೂತಿದ್ದರು. ಅವರ ತಲೆಗೆ ಏನೂ ಆಗಿರಲಿಲ್ಲ. ಸುತ್ತಿಗೆಯನ್ನು ಹೆಂಡತಿ ಮತ್ತು ಮಗಳು ನಡುವೆ ಕೂರಿಸಿಕೊಂಡಿದ್ದರು. ಅವನು ಫ್ಯಾನು ತಿರುಗುವುದನ್ನು ನೋಡುತ್ತಿದ್ದ.

"ಹೇಳಿ ಅಮ್ಮ," ಎಂದ ಅಧಿಕಾರಿ. ಈಗ ದನಿಯಲ್ಲಿ ಬೆಲ್ಲವಿರಲಿಲ್ಲ.

ಅಜ್ಜಿ ಎದ್ದು ನಿಂತಳು. "ಚೆಂಡು ನೆನೆಹಾಕೋ ಬುದ್ಧಿ ನಂದಲ್ಲ. ಇಗೋ, ಇವರದು. ನಮ್ಮನೆಗೆ ಬಂದು, ಚೆಂಡು ಕೊಟ್ಟು, ದಿನಕ್ಕೆ ನೂರು ಅಂದ್ರು. ಇಲ್ಲಾಂದ್ರೆ ತಂಡದಲ್ಲಿ ಜಾಗ ಇಲ್ಲ ಅಂದ್ರು. ತಂಡ ಇಲ್ಲಾಂದ್ರೆ ಕೆಲಸ ಇಲ್ಲ. ಗಂಡ ಸತ್ತ ಮನೆ ನಮ್ಮದು. ನಾನು ಮಾಡಿದೆ. ಕೈ ನಂದೇ, ಅದನ್ನ ಇಲ್ಲ ಅನ್ನಲ್ಲ. ಮಾತು ಇವರದು."

"ಮತ್ತೆ ಅವತ್ತು ಎಲ್ಲಾ ನನ್ನ ಬುದ್ಧಿ ಅಂತ ರುಜು ಹಾಕಿದ್ರಲ್ಲ?"

"ಸುಳ್ಳು ಹೇಳಿದೆ."

"ಯಾಕೆ?"

"ಹೆಸರಿನ ಆಸೆಗೆ. ನಲವತ್ತು ವರ್ಷದಿಂದ ಹೇಳ್ತಿದೀನಿ. ಬರ್ಕೋ, ಈ ಮುದುಕಿ ಸುಳ್ಳಿ ಅಂತ. ನೀನು ಮಾತ್ರ ಪುಸ್ತಕ ಅಂತ ಸುಳ್ಳು ಹೇಳ್ಕೊಂಡು ನನ್ನ ಮನೆ ಚಹಾ ಕುಡಿದೆಯಲ್ಲ, ಅದನ್ನೂ ಬರ್ಕೋ."

ಗುಮಾಸ್ತ ತಲೆ ತಗ್ಗಿಸಿದ. ಅಧಿಕಾರಿ ಕೋಚ್ ಕಡೆ ತಿರುಗಿದ. "ನೀವೇನಂತೀರಿ ಸರ್?"

ಕೋಚ್ ನಿಧಾನವಾಗಿ ಕನ್ನಡಕ ತೆಗೆದರು. "ನಾನು ಯಾರ ಮನೆಗೂ ಹೋಗಿ ಏನೂ ಹೇಳಿಲ್ಲ. ಹೆಸರು ಬೇಕಾದಾಗ ತಾಯಿ ತಗೊಂಡ್ರು. ಈಗ ಭಾರ ಆಯ್ತು, ನನ್ನ ಮೇಲೆ ಹಾಕ್ತಿದಾರೆ. ನೂರು ಗೀರು ಅನ್ನೋದು ನನಗೆ ಗೊತ್ತೇ ಇಲ್ಲ."

"ಗೊತ್ತಿಲ್ವಾ?" ಹೆಂಡತಿ ಎದ್ದೇಬಿಟ್ಟಳು. ಅಷ್ಟರಲ್ಲಿ ಪಕ್ಕದ ಕುರ್ಚಿ ಸದ್ದಾಯಿತು.

ಕೋಚ್ ದನಿ ಕೇಳಿ ಸುತ್ತಿಗೆ ಫ್ಯಾನಿನಿಂದ ಕಣ್ಣು ಕಿತ್ತಿದ್ದ. ಎದ್ದು ನಿಂತ. ಬೆನ್ನು ನೆಟ್ಟಗಾಯಿತು, ಕೈ ಎರಡೂ ತೊಡೆಗೆ ಅಂಟಿದವು. ಮೂರು ತಿಂಗಳಿಂದ ಯಾರ ಮಾತನ್ನೂ ಕೇಳದಿದ್ದ ಮನುಷ್ಯ ಹದಿನಾರರ ಹುಡುಗನ ಹಾಗೆ ನಿಂತಿದ್ದ.

"ಸರ್, ನೂರು ಆಯ್ತು ಸರ್. ನೆನೆದ ಚೆಂಡಲ್ಲೇ ಹೊಡೆದೆ. ತಲೆ ಸುತ್ತುತ್ತಿದೆ ಸರ್. ಇನ್ನೂ ಐವತ್ತು ಹೊಡೀಬೇಕಾ?"

"ಇವತ್ತಿಗೆ ಸಾಕು, ಕೂತ್ಕೋ," ಎಂದರು ಕೋಚ್.

ಅಂದ ಮೇಲೆಯೇ ಅವರಿಗೆ ತಾವು ಏನಂದೆವು ಎಂಬುದು ಕೇಳಿಸಿತು. ಕನ್ನಡಕ ಹಾಕಿಕೊಂಡರು. ಮತ್ತೆ ತೆಗೆದರು. ಸುತ್ತಿಗೆ ಕೂತ.

ಅಧಿಕಾರಿ ಕೆಮ್ಮಿದ. "ಬುದ್ಧಿ ಸ್ವಾಧೀನದಲ್ಲಿ ಇಲ್ಲದವರ ಮಾತನ್ನ ನಾವು ದಾಖಲು ಮಾಡೋ ಹಾಗಿಲ್ಲ."

"ನಮ್ಮವರ ಮಾತು ಬೇಡ," ಎಂದಳು ಹೆಂಡತಿ. ಅವಳು ಕೂಗಲಿಲ್ಲ. ಬೆರಳು ಮಾತ್ರ ಕೋಚ್ ಕಡೆ ಚಾಚಿತ್ತು. "ಇವರ ಮಾತು ಬರೀರಿ. ಇವರ ಬುದ್ಧಿ ಸ್ವಾಧೀನದಲ್ಲಿದೆ ತಾನೆ?"

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಕಿಟಕಿ ನೋಡಿದ. ಗುಮಾಸ್ತನ ಮನೆಯಲ್ಲೂ ಯಾರಾದರೂ ಇದ್ದರೋ ಏನೋ, ಅವನು ಅಪ್ಪಣೆಗೆ ಕಾಯಲಿಲ್ಲ. ಬರೆಯತೊಡಗಿದ. ಮಗಳು ಬಂದು ಅವನ ಹೆಗಲ ಹಿಂದೆ ನಿಂತು ಅಕ್ಷರ ಅಕ್ಷರವನ್ನೂ ನೋಡಿದಳು. ಬರೆದು ಮುಗಿಸಿದ ಹಾಳೆಯನ್ನು ಅವನು ಮೇಜಿನ ಮೇಲೆ ಕೋಚ್ ಮುಂದಕ್ಕೆ ಸರಿಸಿ, ಪೆನ್ನನ್ನೂ ಇಟ್ಟ. ಪೆನ್ನು ಬಹಳ ಹೊತ್ತು ಅಲ್ಲೇ ಇತ್ತು. ಕೊನೆಗೆ ಕೋಚ್ ರುಜು ಹಾಕಿದರು. ಪಶ್ಚಾತ್ತಾಪದಿಂದಲ್ಲ. ಅಷ್ಟು ಜನರ ಮುಂದೆ ಆಡಿದ ಮಾತನ್ನು ಆಡಿಲ್ಲ ಎನ್ನಲು ಅವರಿಗೂ ಮುಖವಿರಲಿಲ್ಲ.

ಅಧಿಕಾರಿ ಕಡತ ಮುಚ್ಚಿದ. "ಸೋಮವಾರ ಎಂಟಕ್ಕೆ ವಾರ್ಡಿಗೆ ಕರ್ಕೊಂಡು ಬನ್ನಿ. ನಾನು ಹೇಳಿರ್ತೀನಿ."

"ಹೇಳಿದ್ರೆ ಆಗಲ್ಲ. ಕೆಲಸದಿಂದ ಬಂದ ಕಾಯಿಲೆ ಅಂತ ಬರೆದುಕೊಡಿ," ಎಂದಳು ಮಗಳು. ಬರೆಸಿಕೊಂಡೇ ಬಿಟ್ಟಳು.

ಯಾರಿಗೂ ಸಂತೋಷವಾಗಲಿಲ್ಲ. ಸಂತೋಷಪಡುವಂಥದ್ದು ಅಲ್ಲಿ ಏನಿತ್ತು? ಮನುಷ್ಯ ಹಾಳಾದದ್ದು ಹಾಳಾಗಿತ್ತು. ಹಾಳು ಮಾಡಿದವರು ಯಾರು ಎಂದು ಒಂದು ಹಾಳೆ ಸಿಕ್ಕಿತ್ತು, ಅಷ್ಟೆ. ಹೆಂಡತಿ ಆ ಹಾಳೆಯನ್ನು ಮಡಿಸುವಾಗ ಹಲ್ಲು ಕಚ್ಚಿಕೊಂಡಿದ್ದಳು.

ಕೋಚ್ ಎದ್ದರು. ಬಾಗಿಲಿಗೆ ಹೋಗುವ ದಾರಿ ಸುತ್ತಿಗೆಯ ಕುರ್ಚಿಯ ಪಕ್ಕದಿಂದಲೇ ಇತ್ತು. ಹಾದುಹೋಗುವಾಗ ಏನನ್ನಿಸಿತೋ, ನಿಂತು ಅವನ ಹೆಗಲ ಮೇಲೆ ಕೈ ಇಟ್ಟರು. ಸುತ್ತಿಗೆಯ ಮುಖ ಅರಳಿತು. ಹೆಂಡತಿ ಆ ಮುಖವನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ನಾಳೆ ಎಷ್ಟು ಸರ್?" ಎಂದ.

ಕೋಚ್ ಬಾಗಿಲ ಕಡೆ ನೋಡಿದರು.

ಅಜ್ಜಿ ಬಂದಳು. ಮಗನ ಹೆಗಲ ಮೇಲಿದ್ದ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಎತ್ತಿ ಎಸೆದಳು.

"ನಾಳೆ ಇಲ್ಲ," ಎಂದಳು. "ಇವನಿಗಿದ್ದ ನಾಳೆನೆಲ್ಲ ನಾನು ನೀನು ಸೇರ್ಕೊಂಡು ಹೊಡೆಸಿ ಮುಗಿಸಿಬಿಟ್ವಿ. ಹೋಗು."